ಹಿಟ್ಟಿನ ಕೋಳಿ ಮತ್ತು ತಾಯಿಯ ಮಾತು: ‘ಯಶೋಧರ ಚರಿತೆ’ಯನ್ನು ಮಕ್ಕಳಿಗೆ ಹೇಳುವ ಬಗೆ

ನಮ್ಮ ಬಸದಿಗಳ ಪಾಠಶಾಲೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಯಶೋಧರನ ಕಥೆಗೆ ಮೊದಲ ಪಂಕ್ತಿಯ ಸ್ಥಾನವಿದೆ. ಅರಸನು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಟ್ಟನು. ಅಷ್ಟಕ್ಕೇ ಅವನೂ ಅವನ ತಾಯಿಯೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಆದ್ದರಿಂದ ಮಕ್ಕಳೇ, ಮನಸ್ಸಿನಲ್ಲಿಯೂ ಹಿಂಸೆಯನ್ನು ಮಾಡಬೇಡಿರಿ. ಕಥೆ ಇಷ್ಟಕ್ಕೆ ಮುಗಿಯುತ್ತದೆ. ನಾನೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕರೆದಲ್ಲಿಗೆ ಹೋಗಿ ಹೀಗೆಯೇ ಹೇಳುತ್ತ ಬಂದವನು. ವೃತ್ತಿಯಿಂದ ನಾನು ಬೆಲ್ಲ ಮತ್ತು ಕಾಳುಕಡಿಯ ದಲಾಲಿ ವ್ಯಾಪಾರಿ, ಓದಿದ್ದು ಬಿ.ಕಾಂ. ಕಾವ್ಯವನ್ನು ಗುರುಮುಖದಿಂದ ಓದಿದವನಲ್ಲ. ಅಂಗಡಿಯ ಗದ್ದಿಗೆಯ ಮೇಲೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೀಕೆ ಇಟ್ಟುಕೊಂಡು ಓದಿದವನು. ಈ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು.

ಕಳೆದ ವರ್ಷ ಮೂಡಲಗಿಯ ಪಾಠಶಾಲೆಯೊಂದರಲ್ಲಿ ಎಂದಿನಂತೆ ಕಥೆ ಹೇಳಿ ಮುಗಿಸಿದಾಗ, ಹತ್ತು ಹನ್ನೊಂದು ವರ್ಷದ ಒಬ್ಬ ಬಾಲಕಿ ಎದ್ದು ನಿಂತು ಕೇಳಿದಳು: “ಅಜ್ಜಾರ, ಅವ್ವ ಹೇಳಿದ್ದ ಕೇಳಿದ್ರ ಪಾಪ ಬರತೈತೇನ್ರಿ?”

ಉಳಿದ ಮಕ್ಕಳು ನಕ್ಕರು. ನಾನು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ತಾಯಿತಂದೆಯರ ಮಾತನ್ನು ಮೀರಬಾರದೆಂದು ಅದೇ ಮಕ್ಕಳಿಗೆ ಹಿಂದಿನ ವಾರ ಹೇಳಿದ್ದವನೂ ನಾನೇ. ಊರಿಗೆ ಮರಳಿ ಜನ್ನನ ಕಾವ್ಯವನ್ನು ಮತ್ತೆ ತೆರೆದೆ. ಆ ಬಾಲಕಿಯು ಕಥೆಯ ಹೊರಗಿನ ಪ್ರಶ್ನೆಯನ್ನು ಕೇಳಿರಲಿಲ್ಲ. ನಾವು ಬಿಟ್ಟುಬಿಟ್ಟಿದ್ದ ಕಥೆಯ ಹೂರಣವನ್ನೇ ಕೇಳಿದ್ದಳು.

ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1209ರಲ್ಲಿ, ಜನ್ನನು ‘ಯಶೋಧರ ಚರಿತೆ’ಯನ್ನು ಬರೆದನು. ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳ ಈ ಚಿಕ್ಕ ಕಾವ್ಯಕ್ಕೆ ವಾದಿರಾಜನ ಸಂಸ್ಕೃತ ಕೃತಿಯೂ ಅದಕ್ಕೂ ಮೊದಲಿನ ಸೋಮದೇವಸೂರಿಯ ‘ಯಶಸ್ತಿಲಕ ಚಂಪೂ’ವೂ ಹಿನ್ನೆಲೆಯಾಗಿವೆ. ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿಯು ಮಾವುತನಾದ ಅಷ್ಟಾವಂಕನಲ್ಲಿ ಅನುರಕ್ತಳಾದುದನ್ನು ಒಂದು ರಾತ್ರಿ ಕಣ್ಣಾರೆ ಕಾಣುತ್ತಾನೆ. ಕತ್ತಿಯನ್ನೆತ್ತಿ ತಡೆದುಕೊಳ್ಳುತ್ತಾನೆ. ಬೆಳಗಾದ ಮೇಲೆ ತಾಯಿ ಚಂದ್ರಮತಿಯು ಮಗನ ಬಾಡಿದ ಮುಖವನ್ನು ಕಂಡು ಕಾರಣವನ್ನು ಕೇಳಿದಾಗ, ಕಂಡದ್ದನ್ನು ಹೇಳಲಾರದೆ ಕೆಟ್ಟ ಕನಸೊಂದು ಬಿತ್ತೆಂದು ಮರೆಮಾಚುತ್ತಾನೆ. ತಾಯಿಯು ಕನಸನ್ನು ನಿಜವೆಂದೇ ನಂಬಿ, ದೋಷಪರಿಹಾರಕ್ಕೆ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಮಗನು ಒಲ್ಲೆನೆನ್ನುತ್ತಾನೆ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು, ನನ್ನ ಮಾತನ್ನು ಮೀರಬೇಡ ಎಂದು ತಾಯಿ ಹಟ ಹಿಡಿಯುತ್ತಾಳೆ. ಮಗನು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ.

ಮಕ್ಕಳಿಗಾಗಿ ಬರೆದ ಕಿರುಹೊತ್ತಿಗೆಗಳಲ್ಲಿ ನಾನು ಕಂಡಂತೆ ಅಮೃತಮತಿಯ ಪ್ರಸಂಗವು ಇರುವುದಿಲ್ಲ. ಎಳೆಯರ ಮುಂದೆ ಹೇಳತಕ್ಕ ವಿಷಯವಲ್ಲವೆಂಬ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೆ ಈ ಸಂಕೋಚದ ಫಲವೇನು? ರಾಣಿಯೊಡನೆ ಸುಳ್ಳೂ ಕಥೆಯಿಂದ ಬಿದ್ದುಹೋಗುತ್ತದೆ. ಅರಸನಿಗೆ ನಿಜವಾಗಿಯೇ ಕನಸು ಬಿತ್ತೆಂದು ಮಕ್ಕಳು ತಿಳಿಯುತ್ತಾರೆ. ಜನ್ನನ ಕಾವ್ಯದಲ್ಲಿ ಬಲಿಯ ಬೇಡಿಕೆ ಹುಟ್ಟುವುದು ಕನಸಿನಿಂದಲ್ಲ, ತಾಯಿಯ ಎದುರಿಗೆ ನಿಜವನ್ನು ಆಡಲಾರದ ಮಗನ ಬಾಯಿಂದ. ಮನೆಯಲ್ಲಿ ಮನಸ್ಸು ನೋಯುವಂಥದನ್ನು ಕಂಡನು, ತಾಯಿಗೆ ಹೇಳಲು ಅಂಜಿದನು ಎಂದಷ್ಟು ಹೇಳಿದರೆ ಯಾವ ಮಗುವಿಗೂ ಮುಜುಗರವಾಗದು. ಬಹುಶಃ ಬೇಗನೆ ಅರ್ಥವೂ ಆದೀತು. ಈ ಒಂದು ವಾಕ್ಯವನ್ನು ಬಿಟ್ಟಿದ್ದರಿಂದ ಕಾವ್ಯವು ಬೆದರಿಕೆಯ ಕಥೆಯಾಗಿ ಉಳಿದಿದೆ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಯಶೋಧರನು ಅಜ್ಞಾನಿಯಲ್ಲ. ಪ್ರಾಣಿವಧೆಯು ಪಾಪವೆಂದು ಬಲ್ಲವನು, ತಾಯಿಯೊಡನೆ ವಾದಿಸಿದವನು. ಅವನಿಗೆ ಕೊರತೆಯಾದದ್ದು ತಿಳಿವಳಿಕೆಯಲ್ಲ, ತಿಳಿದುದರ ಮೇಲೆ ನಿಲ್ಲುವ ಕಾಲು. ತಾಯಿಯಾದರೋ ಕ್ರೂರಿಯಲ್ಲ, ಮಗನ ಮೇಲಿನ ಅಕ್ಕರೆಯಿಂದಲೇ ಬಲಿಯನ್ನು ಬೇಡುತ್ತಾಳೆ. ಇಬ್ಬರೂ ಒಳ್ಳೆಯವರು, ಇಬ್ಬರ ನಡುವೆ ಪ್ರೀತಿಯಿದೆ. ಆ ಪ್ರೀತಿಗೆ ಎಲ್ಲೆಯೆಂಬುದೊಂದಿದೆ ಎಂದು ಮಾತ್ರ ಇಬ್ಬರಿಗೂ ಹೊಳೆಯುವುದಿಲ್ಲ. ಮಗನ ಊಟ, ಉಡಿಗೆ, ಆರೋಗ್ಯಗಳ ಮೇಲೆ ತಾಯಿಗೆ ಅಧಿಕಾರವಿರಬಹುದು. ಅವನ ಅಂತಃಕರಣದ ಮೇಲೆ ಇದೆಯೇ? ಹಿಟ್ಟಿನ ಕೋಳಿಗೆ ಜೀವವಿಲ್ಲ, ಅದರಿಂದ ಯಾವ ಜೀವಿಯ ಹಕ್ಕೂ ಹೋಗಲಿಲ್ಲ. ಆ ಪೂಜೆಯಲ್ಲಿ ನಿಜವಾಗಿ ಬಲಿಯಾದದ್ದು ಮಗನು ಆಡಿದ ‘ಒಲ್ಲೆ’ ಎಂಬ ಮಾತು. ಸಂಕಲ್ಪಹಿಂಸೆಯ ತತ್ತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಕಾವ್ಯದ ಸಿದ್ಧಾಂತ ಅದೇ. ಆದರೆ ಆ ಸಂಕಲ್ಪ ಯಾರದು, ಅದು ಹೇಗೆ ಮೂಡಿತು ಎಂದು ಕೇಳದೆ ಫಲವನ್ನಷ್ಟೇ ಎಣಿಸುವುದು ಕಿರ್ದಿಯನ್ನು ನೋಡದೆ ತಾಳೆಪಟ್ಟಿಯನ್ನಷ್ಟೇ ಓದಿದಂತೆ.

ಜನ್ನನ ಮೇಲೂ ನನ್ನದೊಂದು ಆಕ್ಷೇಪವಿದೆ. ಅಮೃತಮತಿಯ ಇರುಳಿನ ಪ್ರಸಂಗಕ್ಕೆ ಕವಿಯು ತನ್ನ ಪ್ರತಿಭೆಯ ಉತ್ತಮಾಂಶವನ್ನು ಕೊಟ್ಟಿದ್ದಾನೆ. ತಾಯಿಮಕ್ಕಳ ವಾದವನ್ನು ಅಷ್ಟು ತಾಳ್ಮೆಯಿಂದ ಬೆಳೆಸಿಲ್ಲ. ಮಗನು ಸೋಲುವ ಗಳಿಗೆಯಲ್ಲಿ ಅವನ ಒಳಗೆ ಏನಾಯಿತೆಂದು ತಿಳಿಯುವ ಆಸೆ ಓದುಗನಿಗೆ ಉಳಿದೇಬಿಡುತ್ತದೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಪ್ರಕಟಿಸಿದಾಗ ರಾಣಿಯನ್ನು ಜೈನಳನ್ನಾಗಿ, ತಾಯಿಯನ್ನು ಬಲಿಪೂಜೆಯ ಪರವಾದವಳನ್ನಾಗಿ ಮಾಡಿ ಅರಸನನ್ನು ಇಬ್ಬರ ನಡುವೆ ನಿಲ್ಲಿಸಿದರು. ಆ ಮಾರ್ಪಾಟನ್ನು ನಮ್ಮವರು ಹಲವರು ಮೆಚ್ಚುವುದಿಲ್ಲ. ನನಗೂ ಕೆಲವು ಮಾತುಗಳು ಹಿಡಿಸವು. ಆದರೂ ಕಥೆಯ ಗಂಟು ಮನೆಯೊಳಗಿದೆ, ದೇವಿಯ ಗುಡಿಯಲ್ಲಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಕಂಡರು.

ಇಷ್ಟು ವಿಮರ್ಶೆ ಮಾಡುವವನ ಮನೆಯ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತದೆ.

1996ರ ಚಾತುರ್ಮಾಸದಲ್ಲಿ ನನ್ನ ಮಗನಿಗೆ ಹತ್ತು ವರ್ಷ. ಮುನಿಮಹಾರಾಜರ ದರ್ಶನಕ್ಕೆ ಕರೆದುಕೊಂಡು ಹೋಗಿ, ಇವನಿಗೆ ರಾತ್ರಿಭೋಜನ ತ್ಯಾಗದ ನಿಯಮವನ್ನು ಕೊಡಬೇಕೆಂದು ಬಿನ್ನವಿಸಿಕೊಂಡೆ. ಮಹಾರಾಜರು ಹುಡುಗನನ್ನು ನೋಡಿ, “ನಿನಗೆ ಮನಸ್ಸಿದೆಯೇನಪ್ಪಾ?” ಎಂದರು. ಅವನು ಬಾಯಿ ತೆರೆಯುವ ಮೊದಲೇ ನಾನು “ಇದೆ, ಮಹಾರಾಜ್” ಎಂದೆ. ಸುತ್ತಲಿದ್ದ ಶ್ರಾವಕರು ಜಯಕಾರ ಹಾಕಿದರು. ಆ ಜಯಕಾರ ನನಗೆ ಬಹಳ ಹಿತವಾಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳಾಗಿರಲಿಲ್ಲ, ಅವನ ಚಡ್ಡಿಯ ಕಿಸೆಯಲ್ಲಿ ಕರದಂಟಿನ ಅಂಟು ಕಾಗದ ಸಿಕ್ಕಿತು. ನಮ್ಮ ಊರಿನ ಕರದಂಟಿನ ಹೆಸರು ನಾಡಿಗೆಲ್ಲ ಗೊತ್ತು. ಅದರ ಅಂಟು ಮುಚ್ಚಿಟ್ಟರೆ ಮುಚ್ಚುವಂಥದಲ್ಲ. ಯಾವಾಗ ತಿಂದೆ ಎಂದರೆ ಹೊತ್ತು ಮುಳುಗುವ ಮೊದಲು ಎಂದನು. ಗೆಳೆಯನ ಮನೆಯವರನ್ನು ವಿಚಾರಿಸಿದೆ. ಕತ್ತಲಾದ ಮೇಲೆ, ಆಟ ಮುಗಿಸಿ ಹಸಿದು ತಿಂದಿದ್ದನು. ಮಾರನೆಯ ದಿನ ಬಸದಿಯ ಅಂಗಳದಲ್ಲಿ ನಾಲ್ಕು ಜನರೆದುರು ಅವನ ತಪ್ಪನ್ನು ಹೇಳಿ ಗದರಿಸಿದೆ. ಅಂದು ಮುಂಜಾನೆ ಅವನಿಗೆ ಹಾಲು ಕೊಡಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ನನ್ನ ಮನೆಯವರು ಒಂದೇ ಮಾತು ಆಡಿದರು: “ವ್ರತಾ ನೀವ ಕೊಡಿಸಿದ್ರಿ, ಅವಾ ತಗೊಂಡಿಲ್ಲ.” ಆ ಮಾತು ಅಂದು ನನಗೆ ಉದ್ಧಟತನವೆನಿಸಿತು.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ಒದಗುವ ಅತಿಚಾರಗಳನ್ನು ಎಣಿಸಿದ್ದಾರೆ. ಅಹಿಂಸಾಣುವ್ರತಕ್ಕೆ ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿಯೂ ಇವೇ ಐದು ಬರುತ್ತವೆ. ಇವನ್ನು ನಾವು ಸಾಮಾನ್ಯವಾಗಿ ಎತ್ತು, ಕುದುರೆ, ಆಳುಗಳ ಸಂಬಂಧದಲ್ಲಿ ವಿವರಿಸುತ್ತೇವೆ. ವಿವರಿಸಿ ಪುಸ್ತಕವನ್ನು ಮುಚ್ಚುತ್ತೇವೆ. ಹತ್ತು ವರ್ಷದವನ ಹೆಗಲಿಗೆ ಅವನು ಕೇಳದ ವ್ರತವನ್ನು ಹೇರಿದ್ದು ಅತಿಭಾರಾರೋಪಣವಲ್ಲವೇ? ಹಾಲನ್ನು ತಡೆದದ್ದು ಅನ್ನಪಾನನಿರೋಧವಲ್ಲವೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೆಂಬುದೊಂದಿದೆ, ಅಂದರೆ ಪರರ ಗುಟ್ಟನ್ನು ಬಯಲಿಗೆಳೆಯುವುದು. ಬಸದಿಯ ಅಂಗಳದಲ್ಲಿ ನಾನು ಮಾಡಿದ್ದು ಅದನ್ನೇ. ಮಗನ ಒಂದು ತುಂಡು ಕರದಂಟನ್ನು ಹಿಡಿಯಹೋಗಿ ನಾನು ಮೂರು ಅತಿಚಾರಗಳಿಗೆ ಒಳಗಾದೆ. ಅವನ ಸುಳ್ಳಿಗೂ ನಾನೇ ನಿಮಿತ್ತ. ಯಶೋಧರನ ಕನಸಿನ ಹಾಗೆ ಅದೂ ಅಂಜಿಕೆಯಿಂದ ಹುಟ್ಟಿದ ಸುಳ್ಳು.

ಮಕ್ಕಳ ಹಕ್ಕು, ಸ್ವಾತಂತ್ರ್ಯ ಎಂಬ ಮಾತುಗಳು ಹೊರಗಿನಿಂದ ಬಂದವು ಎಂದು ನಮ್ಮ ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು 1989ರದು, ಭಾರತವು ಅದನ್ನು ಅಂಗೀಕರಿಸಿದ್ದು 1992ರಲ್ಲಿ, ನಿಜ. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು, ಅದೂ ನಿಜ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಆದರೆ ಭಾರ ಹೇರಬೇಡ, ಅನ್ನ ತಡೆಯಬೇಡ, ಗುಟ್ಟನ್ನು ಹೊರಹಾಕಬೇಡ ಎಂಬ ಎಲ್ಲೆಗಳು ಈ ಯಾವ ಕಾಗದಕ್ಕೂ ಮೊದಲೇ ನಮ್ಮ ಸೂತ್ರಗಳಲ್ಲಿ ಇದ್ದವು. ಹೊರಗಿನವರು ಅವನ್ನು ಮಗುವಿನ ಕಡೆಯಿಂದ ಹಕ್ಕೆಂದು ಬರೆದರು, ನಮ್ಮ ಆಚಾರ್ಯರು ದೊಡ್ಡವರ ಕಡೆಯಿಂದ ಮರ್ಯಾದೆಯೆಂದು ಬರೆದರು. ಖಾತೆ ಒಂದೇ, ಒಬ್ಬರು ಜಮೆಯ ಬದಿಯಿಂದ ಓದಿದರು, ಇನ್ನೊಬ್ಬರು ಖರ್ಚಿನ ಬದಿಯಿಂದ.

ಈ ವಿಚಾರವನ್ನು ಹುಕ್ಕೇರಿಯಲ್ಲಿ ಒಂದು ಟ್ರಸ್ಟಿನ ಹಿರಿಯರ ಮುಂದೆ ಇಟ್ಟಾಗ ಅವರಲ್ಲೊಬ್ಬರು, “ಇದನ್ನ ಹುಡುಗರ ಮುಂದ ಹೇಳಿದ್ರ ನಾಳೆ ಯಾರೂ ನಮ್ಮ ಮಾತ ಕೇಳೂದಿಲ್ರಿ, ಅಣ್ಣಾರ” ಎಂದರು. ತಳ್ಳಿಹಾಕತಕ್ಕ ಮಾತಲ್ಲ. ಮಳೆಗಾಲದಲ್ಲಿ ಗೋಕಾಕ ಜಲಪಾತವನ್ನು ನೋಡಲು ಮಕ್ಕಳನ್ನು ಕರೆದೊಯ್ಯುತ್ತೇವೆ. ಘಟಪ್ರಭೆಯು ಸುಮಾರು 52 ಮೀಟರ್ ಕೆಳಕ್ಕೆ ಧುಮ್ಮಿಕ್ಕುವ ಆ ಬಂಡೆಯಂಚಿನಲ್ಲಿ ಮಗುವಿನ ಕೈಯನ್ನು ಹಿಡಿಯಲು ಅದರ ಅಪ್ಪಣೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಲ್ಲಿ ಹಿಡಿತವೇ ಕರುಣೆ. ಪರರ ಬೆಳೆಯನ್ನು ತುಳಿಯುವಾಗ, ತಂಗಿಯ ಪಾಲನ್ನು ಕಸಿಯುವಾಗ, ನಾಯಿಗೆ ಕಲ್ಲು ಹೊಡೆಯುವಾಗ ಮಗುವನ್ನು ತಡೆಯುವುದು ಹಿರಿಯರ ಕರ್ತವ್ಯವೇ. ಆದರೆ ಬಂಡೆಯಂಚಿನಲ್ಲಿ ಹಿಡಿದ ಕೈಯನ್ನು ಮನೆಗೆ ಬಂದ ಮೇಲೂ ಬಿಡದಿದ್ದರೆ ಮಗು ನಡೆಯುವುದನ್ನು ಎಂದು ಕಲಿಯಬೇಕು?

ಆ ಹಿರಿಯರಿಗೆ ನಾನು ಕೊಟ್ಟ ಉತ್ತರ ಜನ್ನನಿಂದಲ್ಲ, ಪಂಪನಿಂದ. 941ರಲ್ಲಿ ಮುಗಿದ ‘ಆದಿಪುರಾಣ’ದಲ್ಲಿ ಬಾಹುಬಲಿಯು ಅಣ್ಣನಾದ ಭರತನಿಗೆ ನಮಸ್ಕರಿಸುವುದೇ ಅವಮಾನವೆಂದು ಹೇಳುವುದಿಲ್ಲ. ಅಣ್ಣನೆಂದು ಎರಗಲು ಅವನು ಸಿದ್ಧ. ಕತ್ತಿಯ ಬಲದಿಂದ ಎರಗಿಸುವೆನೆಂದರೆ ಮಾತ್ರ ಒಲ್ಲ. ಗೌರವಕ್ಕೂ ಅಧೀನತೆಗೂ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದ ಪ್ರಸಂಗ ಕನ್ನಡದಲ್ಲಿ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಗೆದ್ದ ಮೇಲೆ ಅವನು ಅಣ್ಣನ ರಾಜ್ಯವನ್ನು ಕಸಿಯುವುದಿಲ್ಲ, ತನ್ನದನ್ನೂ ಬಿಟ್ಟು ನಡೆಯುತ್ತಾನೆ. ‘ಒಲ್ಲೆ’ ಎಂದವನು ಪರರ ಹಕ್ಕನ್ನು ತುಳಿದೇ ತುಳಿಯುತ್ತಾನೆಂಬ ಭಯ ಆಧಾರವಿಲ್ಲದ್ದು. ಯಶೋಧರನನ್ನೂ ಬಾಹುಬಲಿಯನ್ನೂ ಒಟ್ಟಿಗೆ ಇಟ್ಟು ಮಕ್ಕಳಿಗೆ ಹೇಳಬೇಕು. ಒಬ್ಬನನ್ನೇ ಹೇಳಿದರೆ ಪಾಠ ಅರ್ಧವಾಗುತ್ತದೆ.

ಪುರಾಣದವರ ಮಾತು ಬೇರೆ ಎನ್ನುವವರಿಗೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. ಆಚಾರ್ಯ ಶಾಂತಿಸಾಗರ ಮಹಾರಾಜರು 1872ರಲ್ಲಿ ಭೋಜದ ಬಳಿಯ ಯಳಗೂಡದಲ್ಲಿ ಜನಿಸಿದರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೆ ಮದುವೆ ಮಾಡಿದರು. ಕೆಲವೇ ತಿಂಗಳುಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ಮುಂದೆ ಎರಡನೆಯ ಮದುವೆಯ ಮಾತು ಬಂದಾಗ ಅವರು ಒಲ್ಲೆನೆಂದರು, ತಾಯಿತಂದೆಯರು ಆ ಮಾತಿಗೆ ಬೆಲೆ ಕೊಟ್ಟರು. ಇತ್ತ ದೀಕ್ಷೆಯ ಹಂಬಲವಿದ್ದರೂ ತಾಯಿತಂದೆಯರು ಬದುಕಿರುವವರೆಗೆ ಮನೆಯಲ್ಲಿಯೇ ಉಳಿದು ಸೇವೆ ಮಾಡಿದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯಾಯಿತು. ಯಾರು ಯಾರಿಗೆ ಸೋತರು ಹೇಳಿ ನೋಡೋಣ. ನನಗಂತೂ ಆ ಮನೆಯಲ್ಲಿ ಸೋತವರು ಯಾರೂ ಕಾಣುವುದಿಲ್ಲ. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟದ್ದನ್ನು ವರ್ಣಿಸುವಾಗ ನಮ್ಮ ಭಾಷಣಗಳು ಉದ್ದವಾಗುತ್ತವೆ. ಹಳ್ಳಿಯ ಒಕ್ಕಲು ಮನೆಯೊಂದು ಮಗನ ‘ಒಲ್ಲೆ’ಯನ್ನು ತಡೆದುಕೊಂಡದ್ದನ್ನು ಯಾರೂ ವರ್ಣಿಸುವುದಿಲ್ಲ.

ಮತ್ತೆ ಜನ್ನನಿಗೆ ಬರೋಣ. ಕಥೆಯ ಮೊದಲಲ್ಲಿಯೇ ಕವಿಯು ಇಬ್ಬರು ಎಳೆಯರನ್ನು ತಂದು ನಿಲ್ಲಿಸಿದ್ದಾನೆ, ಅಭಯರುಚಿ ಮತ್ತು ಅಭಯಮತಿ. ಭಿಕ್ಷೆಗೆ ಹೊರಟ ಅಣ್ಣತಂಗಿಯರನ್ನು ಹಿಡಿದು ಚಂಡಮಾರಿಯ ಗುಡಿಗೆ, ಮಾರಿದತ್ತನ ಕತ್ತಿಯ ಮುಂದಕ್ಕೆ ತರುತ್ತಾರೆ. ಅವರು ನಡುಗುವುದಿಲ್ಲ. ಹೆಸರಿನಲ್ಲಿಯೇ ಅಭಯವಿದೆ. ಯಶೋಧರನ ಕಥೆಯೆಲ್ಲವೂ ಅಭಯರುಚಿಯ ಬಾಯಿಂದ ಹೊರಡುತ್ತದೆ. ಏಕೆಂದರೆ ಅವನೇ ಹಿಂದಿನ ಯಶೋಧರ. ಅಭಯಮತಿಯೇ ಹಿಂದಿನ ತಾಯಿ ಚಂದ್ರಮತಿ. ನವಿಲಾಗಿ, ನಾಯಾಗಿ, ಮೀನಾಗಿ, ಮೊಸಳೆಯಾಗಿ, ಕಡೆಗೆ ಕೋಳಿಗಳಾಗಿ ಅಲೆದ ಮೇಲೆ ಇಬ್ಬರೂ ಯಶೋಧರನ ಮಗನಿಗೇ ಮಕ್ಕಳಾಗಿ ಹುಟ್ಟಿದ್ದಾರೆ.

ಈ ಜಾಗದಲ್ಲಿ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತೆ. ಆಜ್ಞೆ ಮಾಡಿದ ತಾಯಿ ತಂಗಿಯಾಗಿದ್ದಾಳೆ, ಬಾಗಿದ ಮಗ ಅಣ್ಣನಾಗಿದ್ದಾನೆ, ತಂದೆಯಾಗಿದ್ದವನು ತನ್ನ ಮಗನ ಮಗುವಾಗಿದ್ದಾನೆ. ಯಾರು ಹಿರಿಯರು, ಯಾರು ಕಿರಿಯರು? ಕಾಯ ಚಿಕ್ಕದೆಂದ ಮಾತ್ರಕ್ಕೆ ಒಳಗಿರುವ ಜೀವ ಚಿಕ್ಕದಲ್ಲವೆಂಬುದು ನಮ್ಮ ಸಿದ್ಧಾಂತದ ಮೊದಲ ಪಾಠ. ಮಗುವಿನ ಮನಸ್ಸನ್ನು ಏಕೆ ಗೌರವಿಸಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ಯಾವ ಕಾಯಿದೆಯಲ್ಲಿಯೂ ನಾನು ಓದಿಲ್ಲ. ಅಪ್ಪಣೆ ಮತ್ತು ಪಾಲನೆಯ ಸಂಬಂಧದಲ್ಲಿ ಕತ್ತಿಯನ್ನೆತ್ತಿದ ಆ ಇಬ್ಬರೇ ಸಮಾನರಾಗಿ ಪಕ್ಕಪಕ್ಕದಲ್ಲಿ ನಿಂತಾಗ ಇನ್ನೊಬ್ಬ ಅರಸನು ಎತ್ತಿದ ಕತ್ತಿಯನ್ನು ಕೆಳಗಿಳಿಸುತ್ತಾರೆ. ಜನ್ನನು ಇದನ್ನು ವಾಚ್ಯವಾಗಿ ಹೇಳಿಲ್ಲ. ಕಥೆಯನ್ನು ಕಟ್ಟಿದ ಕ್ರಮವೇ ಹೇಳುತ್ತದೆ.

ಸೋಮದೇವಸೂರಿಯು 959ರಲ್ಲಿ ಮುಗಿಸಿದ ‘ಯಶಸ್ತಿಲಕ’ದಲ್ಲಿ ಇನ್ನೊಂದು ಸಂಗತಿ ಇದೆ. ವೈರಾಗ್ಯ ಬಂದ ಆ ಎಳೆಯರಿಗೆ ಗುರುವಾದ ಸುದತ್ತನು ಕೂಡಲೇ ಮುನಿವ್ರತವನ್ನು ಕೊಡುವುದಿಲ್ಲ. ವಯಸ್ಸು ಸಾಲದೆಂದು ಕ್ಷುಲ್ಲಕರ ನಿಯಮದಲ್ಲಿರಿಸುತ್ತಾನೆ. ಕೇಳಿ ಬಂದವರಿಗೂ ಗುರುವು ಭಾರವನ್ನು ಇಳಿಸಿ ಕೊಟ್ಟನು. ಕೇಳದವನಿಗೆ ನಾನು ಭಾರವನ್ನು ಏರಿಸಿ ಕೊಡಿಸಿದ್ದೆ.

ಟ್ರಸ್ಟಿನವರಲ್ಲಿ ಒಂದೆರಡು ವಿನಂತಿಗಳಿವೆ. ಮೌಂಜಿಬಂಧನದ ಸಮಾರಂಭದಲ್ಲಿ ಮಕ್ಕಳಿಗೆ ನಿಯಮ ಕೊಡಿಸುವಾಗ ಮಗುವನ್ನೇ ಕೇಳಿರಿ, ಪಾಲಕರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿರಿ. ಒಂದು ವಾರದ ನಿಯಮ ಸಾಕೆಂದು ಮಗು ಹೇಳಿದರೆ ಒಂದು ವಾರವೇ ಇರಲಿ. ದಿಗ್ವ್ರತದಲ್ಲಿ ಶ್ರಾವಕನು ತನ್ನ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಳ್ಳುವುದಿಲ್ಲವೇ? ಉಪವಾಸ ಮಾಡಿದ, ಮಾಡಿ ಮುರಿದ ಮಕ್ಕಳ ಹೆಸರು, ಫೋಟೋ, ಅಂಕಪಟ್ಟಿಗಳನ್ನು ಮೊಬೈಲಿನ ಗುಂಪುಗಳಲ್ಲಿ ಹಾಕುವ ಚಾಳಿಯನ್ನು ದಯವಿಟ್ಟು ಬಿಡಿರಿ. ರಹೋಭ್ಯಾಖ್ಯಾನಕ್ಕೆ ಇಷ್ಟು ಅನುಕೂಲವಾದ ಯಂತ್ರವು ಹಿಂದೆಂದೂ ಇರಲಿಲ್ಲ.

ಮಗನೀಗ ಪುಣೆಯಲ್ಲಿದ್ದಾನೆ. ಈ ಲೇಖನವನ್ನು ಬರೆಯುವ ಮೊದಲು ಆ ಕರದಂಟಿನ ಪ್ರಸಂಗವನ್ನು ಬರೆಯಲೇ ಎಂದು ಅವನನ್ನು ಕೇಳಿದೆ. ನಕ್ಕನು, “ಈಗರೆ ಕೇಳಿದ್ರೆಲ್ಲಾ ಅಪ್ಪಾ, ಬರೀರಿ” ಎಂದನು.

ಈ ಸಲದ ದಶಲಕ್ಷಣ ಪರ್ವಕ್ಕೆ ಸ್ವಲ್ಪ ಮೊದಲು ಮೂಡಲಗಿಗೆ ಹೋಗಿದ್ದೆ. ಯಶೋಧರನ ಕಥೆಯನ್ನು ಮತ್ತೆ ಹೇಳಿದೆ, ಸುಳ್ಳು ಕನಸನ್ನು ಸೇರಿಸಿ, ಬಾಹುಬಲಿಯನ್ನು ಜೊತೆಗಿಟ್ಟು. ಆ ಬಾಲಕಿಗೆ ಅವಳ ಹಳೆಯ ಪ್ರಶ್ನೆಯನ್ನು ನೆನಪಿಸಿ, ಯಶೋಧರನು ತಾಯಿಗೆ ನಮಸ್ಕಾರ ಮಾಡಿಯೇ ಒಲ್ಲೆನೆನ್ನಬಹುದಿತ್ತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಗೋಡೆಯ ಮೇಲೆ ಹತ್ತು ದಿನದ ಏಕಾಶನಕ್ಕೆ ಹೆಸರು ಕೊಟ್ಟವರ ಪಟ್ಟಿಯನ್ನು ಹಚ್ಚಿದ್ದರು. ಅದರಲ್ಲಿ ಅವಳ ಹೆಸರೂ ಇತ್ತು.

“ಹಂಗಾರ ನಮ್ಮವ್ವಗ ಹೆಂಗ ಹೇಳೂದ್ರಿ, ಅಜ್ಜಾರ?” ಎಂದಳು. ಬಾಗಿಲ ಹೊರಗೆ ಅವಳ ತಾಯಿ ಮಗಳನ್ನು ಕರೆದೊಯ್ಯಲು ಬಂದು ನಿಂತಿದ್ದರು. ಒಳಗೆ ಬನ್ನಿರೆಂದು ಅವರನ್ನು ಕರೆದೆ.